ಹೊಸ ಗೇಮ್ ಕನ್ಸೋಲ್: ಪೆಟ್ಟಿಗೆ ಬಿಚ್ಚುವುದರಿಂದ ಮೊದಲ ತೀರ್ಪಿನವರೆಗೆ

ಹೊಸದಾಗಿ ಗೇಮ್ ಕನ್ಸೋಲ್ ಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಚಿತ್ರ ಹಳೆಯ ಯಂತ್ರಕ್ಕಿಂತ ಅಷ್ಟೇನೂ ಚೆನ್ನಾಗಿ ಕಾಣುತ್ತಿಲ್ಲವಲ್ಲ? ಗುಂಡಿ ಒತ್ತಿದ ಮೇಲೆ ಪಾತ್ರ ತಡವಾಗಿ ಜಿಗಿಯುತ್ತದೆ, ಯಂತ್ರ ಕೆಟ್ಟಿದೆಯೇ? ನಾಲ್ಕೈದು ಗೇಮ್ ಹಾಕುವಷ್ಟರಲ್ಲಿ ಜಾಗ ತುಂಬಿತು, ಇದು ಸರಿಯೇ?

ಇಂತಹ ಬಹುಪಾಲು ದೂರುಗಳ ಬೇರು ಕನ್ಸೋಲಿನಲ್ಲಿ ಇರುವುದಿಲ್ಲ. ಟಿವಿಯ ಸೆಟ್ಟಿಂಗಿನಲ್ಲೋ, ಹಳೆಯ ಕೇಬಲಿನಲ್ಲೋ, ಅವಸರದಲ್ಲಿ ಇಳಿಸಿಕೊಂಡ ತಪ್ಪು ಆವೃತ್ತಿಯಲ್ಲೋ ಇರುತ್ತದೆ. ಆದ್ದರಿಂದ ಮೊದಲ ಸಂಜೆಯೇ ಯಂತ್ರದ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಬೇಡಿ. ಹಾಗೆಂದು ತಿಂಗಳುಗಟ್ಟಲೆ ಕಾಯುವುದೂ ಬೇಡ. ನಿಜವಾದ ದೋಷವಿದ್ದರೆ ಅದು ವಾಪಸ್ ಕೊಡುವ ಗಡುವಿನೊಳಗೇ ಗೊತ್ತಾಗಬೇಕು. ಕೆಳಗಿನ ಹಂತಗಳನ್ನು ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಜೋಡಿಸಿದ್ದೇನೆ. ಸೋನಿಯ ಪ್ಲೇಸ್ಟೇಷನ್ 5, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್, ನಿಂಟೆಂಡೊದ ಸ್ವಿಚ್ ಮತ್ತು ಸ್ವಿಚ್ 2, ಇವಿಷ್ಟೂ ಇಲ್ಲಿ ಬರುತ್ತವೆ. ನಿಮ್ಮ ಬಳಿ ಇಲ್ಲದ ಯಂತ್ರದ ಮಾತು ಬಂದಾಗ ಮುಂದೆ ಸಾಗಿ.

ಕೈಗೆಟಕುವಂತೆ ಇಟ್ಟುಕೊಳ್ಳಬೇಕಾದದ್ದು ಸ್ವಲ್ಪವೇ: ಟಿವಿಯ ರಿಮೋಟ್, ವೈಫೈ ಪಾಸ್‌ವರ್ಡ್, ನೀವು ನಿತ್ಯ ತೆರೆಯುವ ಇಮೇಲ್ ವಿಳಾಸ, ಮೊಬೈಲ್. ರೂಟರ್ ಹತ್ತಿರದಲ್ಲೇ ಇದ್ದರೆ ಒಂದು ಲ್ಯಾನ್ ಕೇಬಲ್ ಕೂಡ ಇರಲಿ. ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ಎರಡು ಎಎ ಸೆಲ್ ಬೇಕು. ಪೆಟ್ಟಿಗೆಯಲ್ಲಿ ಬರುವ ಜೊತೆ ಮುಗಿದರೆ ಆಟ ಅರ್ಧಕ್ಕೆ ನಿಲ್ಲುತ್ತದೆ. ಇನ್ನೊಂದು ಜೊತೆ ಇರಲಿ.

1. ಪೆಟ್ಟಿಗೆ ಬಿಚ್ಚುವಾಗ

ಬಿಲ್ಲಿನ ಫೋಟೊ ತೆಗೆಯಿರಿ. ಕನ್ಸೋಲಿನ ಮೇಲಿರುವ ಕ್ರಮಸಂಖ್ಯೆಯ ಫೋಟೊ ತೆಗೆದು, ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದಿದ್ದರೆ ಅದು ಯಾರೋ ವಾಪಸ್ ಕೊಟ್ಟ ಯಂತ್ರವಾಗಿರುವ ಸಾಧ್ಯತೆಯಿದೆ. ಆನ್ ಮಾಡುವ ಮೊದಲೇ ಮಾರಿದವರನ್ನು ಕೇಳಿ. ಪೆಟ್ಟಿಗೆಯನ್ನೂ ಒಳಗಿನ ಅಚ್ಚುಗಳನ್ನೂ ವಾರಂಟಿ ಮುಗಿಯುವವರೆಗೆ ಎಸೆಯಬೇಡಿ. ದುರಸ್ತಿಗೆ ಕಳುಹಿಸಬೇಕಾಗಿ ಬಂದರೆ ಅವುಗಳಷ್ಟು ಸರಿಯಾಗಿ ಯಂತ್ರವನ್ನು ಹಿಡಿದಿಡುವ ವಸ್ತು ಬೇರೆ ಸಿಗುವುದಿಲ್ಲ.

ಪ್ಲಾಸ್ಟಿಕ್ ಹೊದಿಕೆಗಳನ್ನೆಲ್ಲ ಕಿತ್ತು ಹಾಕುವ ಉತ್ಸಾಹದಲ್ಲಿ ಒಂದು ಅನಾಹುತ ಆಗುತ್ತದೆ. ಸ್ವಿಚ್‌ನ ಓಲೆಡ್ ಮಾದರಿ ಮತ್ತು ಸ್ವಿಚ್ 2 ಎರಡರ ಪರದೆಯ ಮೇಲೂ ತೆಳುವಾದ ಒಂದು ಪದರವನ್ನು ಕಾರ್ಖಾನೆಯಲ್ಲೇ ಅಂಟಿಸಿರುತ್ತಾರೆ. ಪರದೆ ಒಡೆದರೆ ಚೂರುಗಳು ಸಿಡಿಯದಂತೆ ತಡೆಯುವುದು ಅದರ ಕೆಲಸ. ಅದನ್ನು ಕೀಳಬಾರದು. ಗೀರು ಬೀಳುವ ಭಯವಿದ್ದರೆ ರಕ್ಷಕ ಗಾಜನ್ನು ಅದರ ಮೇಲೆಯೇ ಅಂಟಿಸಿ.

ಡಿಸ್ಕ್ ರೂಪದಲ್ಲಿ ಗೇಮ್ ಕೊಳ್ಳುವ ಯೋಚನೆ ಇದ್ದರೆ ನಿಮ್ಮ ಮಾದರಿಯನ್ನು ಈಗಲೇ ಖಚಿತಪಡಿಸಿಕೊಳ್ಳಿ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಮುಂದೆ ಸೇರಿಸಲೂ ಬರುವುದಿಲ್ಲ. 2023ರ ಕೊನೆಯಲ್ಲಿ ಬಂದ ಸಣ್ಣ ಗಾತ್ರದ ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿಗೆ ಮತ್ತು 2024ರ ಪ್ರೊ ಮಾದರಿಗೆ ಡ್ರೈವನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಬಹುದು. ಮೊದಲ ಬಾರಿ ಜೋಡಿಸುವಾಗ ಇಂಟರ್‌ನೆಟ್ ಇರಲೇಬೇಕು. 2020ರ ಮೊದಲ ಡಿಜಿಟಲ್ ಮಾದರಿಗೆ ಈ ಅವಕಾಶವಿಲ್ಲ. ಸ್ವಿಚ್ 2ರ ಕೆಲವು ಗೇಮ್‌ಗಳ ಕಾರ್ಡಿನಲ್ಲಿ ಗೇಮ್ ಇರುವುದೇ ಇಲ್ಲ, ಕೀಲಿ ಮಾತ್ರ ಇರುತ್ತದೆ. ಕಾರ್ಡ್ ಹಾಕಿದ ಮೇಲೂ ಪೂರ್ತಿ ಗೇಮನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಗೇಮಿನ ಪೆಟ್ಟಿಗೆಯ ಮುಂಭಾಗದಲ್ಲೇ ಇದನ್ನು ಮುದ್ರಿಸಿರುತ್ತಾರೆ, ಓದಿ ಕೊಳ್ಳಿ.

2. ಎಲ್ಲಿ ಇಡಬೇಕು

ಬಾಗಿಲಿರುವ ಟಿವಿ ಕಪಾಟಿನೊಳಗೆ ಇಡಬೇಡಿ. ಭಾರಿ ಗೇಮ್ ನಡೆಯುವಾಗ ದೊಡ್ಡ ಕನ್ಸೋಲ್‌ಗಳು 200 ವ್ಯಾಟ್ ಆಸುಪಾಸಿನಲ್ಲಿ ವಿದ್ಯುತ್ ಎಳೆಯುತ್ತವೆ. ಅಷ್ಟೂ ಕೊನೆಗೆ ಬಿಸಿಗಾಳಿಯಾಗಿ ಹಿಂಭಾಗದಿಂದಲೋ ಮೇಲಿನಿಂದಲೋ ಹೊರಗೆ ಬರುತ್ತದೆ. ಮುಚ್ಚಿದ ಜಾಗದಲ್ಲಿ ಅದೇ ಬಿಸಿಗಾಳಿಯನ್ನು ಯಂತ್ರ ಮತ್ತೆ ಒಳಗೆಳೆದುಕೊಂಡು ಫ್ಯಾನ್ ಅಬ್ಬರಿಸುತ್ತದೆ. ಆಗ ನಿಮಗೆ ಸಿಗುವ ಮೊದಲ ಅನಿಸಿಕೆ "ಇದು ಗದ್ದಲದ ಯಂತ್ರ" ಎಂದೇ. ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ಬಿಡಿ. ದಪ್ಪ ರತ್ನಗಂಬಳಿಯ ಮೇಲೆ, ನೆಲಕ್ಕೆ ಅಂಟಿಕೊಂಡಂತೆ ಇಡಬೇಡಿ.

ವೋಲ್ಟೇಜ್ ಏರಿಳಿಯುವ ಮನೆಯಾದರೆ ಸರ್ಜ್ ಪ್ರೊಟೆಕ್ಟರ್ ಇರುವ ಪ್ಲಗ್ ಬಳಸಿ. ವಿದ್ಯುತ್ತಿನ ಹಠಾತ್ ಏರಿಕೆಯನ್ನು ಯಂತ್ರಕ್ಕೆ ತಲುಪದಂತೆ ತಡೆಯುವ ಸಾಧನ ಅದು.

3. ಕೇಬಲ್ ಜೋಡಣೆ

ಟಿವಿಯ ಹಿಂದೆ ಈಗಾಗಲೇ ಒಂದು ಎಚ್‌ಡಿಎಂಐ ಕೇಬಲ್ ನೇತಾಡುತ್ತಿರುತ್ತದೆ. ಅದನ್ನೇ ಸಿಕ್ಕಿಸಿಬಿಡುವ ಆಸೆ ಸಹಜ. ಹಾಗೆ ಮಾಡಬೇಡಿ. ಪ್ಲೇಸ್ಟೇಷನ್ 5, ಸೀರೀಸ್ ಎಕ್ಸ್ ಮತ್ತು ಸ್ವಿಚ್ 2ರ ಪೆಟ್ಟಿಗೆಯಲ್ಲಿ ಹೆಚ್ಚು ದತ್ತಾಂಶ ಹೊರಬಲ್ಲ ಹೊಸ ಬಗೆಯ ಕೇಬಲನ್ನೇ ಕೊಟ್ಟಿರುತ್ತಾರೆ. ಎಚ್‌ಡಿಎಂಐ 2.0 ಹೆಚ್ಚೆಂದರೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಿದರೆ 2.1 ಗರಿಷ್ಠ 48 ಗಿಗಾಬಿಟ್ ಸಾಗಿಸುತ್ತದೆ. ಹಳೆಯ ಕೇಬಲ್ ಹಾಕಿದರೂ ಚಿತ್ರ ಬರುತ್ತದೆ, ಅದೇ ತೊಂದರೆ. ಕನ್ಸೋಲ್ ಸದ್ದಿಲ್ಲದೆ ಗುಣಮಟ್ಟ ಇಳಿಸಿಕೊಂಡಿರುತ್ತದೆ, ನಿಮಗೆ ತಿಳಿಯುವುದೇ ಇಲ್ಲ.

ಟಿವಿಯಲ್ಲಿ ಯಾವ ಕಿಂಡಿಗೆ ಸಿಕ್ಕಿಸುತ್ತೀರಿ ಎಂಬುದೂ ಮುಖ್ಯ. ಅನೇಕ ಟಿವಿಗಳಲ್ಲಿ ಒಂದೆರಡು ಕಿಂಡಿಗಳಷ್ಟೇ ಪೂರ್ಣ ಸಾಮರ್ಥ್ಯದವು. ಪಕ್ಕದಲ್ಲಿ 4ಕೆ 120 ಎಂದೋ ಗೇಮ್ ಎಂದೋ ಬರೆದಿರುತ್ತದೆ, ಇಲ್ಲವೇ ಟಿವಿಯ ಕೈಪಿಡಿಯಲ್ಲಿ ಇರುತ್ತದೆ. ಕೇಬಲನ್ನು ನೇರವಾಗಿ ತಳ್ಳಿ. ಕಾಣದ ಜಾಗದಲ್ಲಿ ಓರೆಯಾಗಿ ಒತ್ತಿದರೆ ಕಿಂಡಿಯ ಒಳಗಿನ ಸೂಕ್ಷ್ಮ ಪಿನ್ನುಗಳು ಬಾಗುತ್ತವೆ, ಅಂತಹ ಹಾನಿಯನ್ನು ವಾರಂಟಿ ಭರಿಸುವುದು ಕಷ್ಟ.

ಸ್ವಿಚ್ 2 ಕೊಂಡವರು ಹಳೆಯ ಸ್ವಿಚ್‌ನ ಡಾಕ್, ಅಂದರೆ ಟಿವಿಗೆ ಜೋಡಿಸುವ ಪೀಠವನ್ನು ಬಳಸಲು ನೋಡಬೇಡಿ. ಹೊಸದಕ್ಕೆ ಅದರದೇ ಡಾಕ್, ಅದರದೇ ಅಡಾಪ್ಟರ್ ಬೇಕು.

4. ಖಾತೆ ತೆರೆಯುವಾಗ ಅವಸರ ಬೇಡ

ಮುಂದೆ ಸರಿಪಡಿಸಲಾಗದ ತಪ್ಪುಗಳು ಆಗುವುದು ಈ ಹಂತದಲ್ಲಿ. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಒಮ್ಮೆ ಆರಿಸಿದ ಮೇಲೆ ಬದಲಾಯಿಸಲು ಬರುವುದಿಲ್ಲ. ಬೇರೆ ದೇಶದಲ್ಲಿ ಗೇಮ್ ಅಗ್ಗ ಎಂದು ಯಾರೋ ಹೇಳಿದ ಮಾತು ಕೇಳಿ ಆ ದೇಶದ ಹೆಸರಿನಲ್ಲಿ ಖಾತೆ ತೆರೆದರೆ ನಿಮ್ಮ ಕಾರ್ಡ್ ಅಲ್ಲಿ ನಡೆಯದೆ ಹೋಗಬಹುದು. ಡಿಸ್ಕ್ ಯಾವ ದೇಶದ್ದಾದರೂ ಆಡಬಹುದು. ಆದರೆ ಅದಕ್ಕೆ ಸೇರಿದ ಹೆಚ್ಚುವರಿ ಭಾಗಗಳನ್ನು ಕೊಳ್ಳುವಾಗ ಖಾತೆಯ ದೇಶವೂ ಡಿಸ್ಕಿನ ಪ್ರದೇಶವೂ ಹೊಂದದಿದ್ದರೆ ಅವು ಸೇರಿಕೊಳ್ಳುವುದಿಲ್ಲ. ನೀವಿರುವ ದೇಶವನ್ನೇ ಆರಿಸಿ.

ಹುಟ್ಟಿದ ದಿನಾಂಕವನ್ನು ಸರಿಯಾಗಿ ಕೊಡಿ. ಮಕ್ಕಳಿಗಾಗಿ ಕೊಂಡಿದ್ದರೆ ಮೊದಲು ನಿಮ್ಮ ಖಾತೆ ತೆರೆದು, ಅದರಡಿಯಲ್ಲಿ ಮಗುವಿನ ಖಾತೆ ಸೇರಿಸಿ. ಆಡುವ ಸಮಯ, ಖರ್ಚಿನ ಮಿತಿ, ಅಪರಿಚಿತರೊಂದಿಗೆ ಮಾತು, ಇವೆಲ್ಲವನ್ನೂ ನಿಮ್ಮ ಮೊಬೈಲಿನಿಂದಲೇ ನಿಯಂತ್ರಿಸಬಹುದು. ಮಗು ದೊಡ್ಡವರ ಖಾತೆಯಲ್ಲೇ ಆಡಲಿ ಬಿಡಿ ಎಂದು ಹೊರಟವರು ಆಮೇಲೆ ಬೇರ್ಪಡಿಸಲು ಪರದಾಡುತ್ತಾರೆ. ಆಟದಲ್ಲಿ ಗಳಿಸಿದ್ದೂ ಕೊಂಡದ್ದೂ ಆ ದೊಡ್ಡವರ ಖಾತೆಗೇ ಅಂಟಿಕೊಂಡಿರುತ್ತವೆ.

ಎರಡು ಹಂತದ ದೃಢೀಕರಣವನ್ನು ಇಂದೇ ಆನ್ ಮಾಡಿ. ಪಾಸ್‌ವರ್ಡ್ ಜೊತೆಗೆ ಮೊಬೈಲಿಗೆ ಬರುವ ಸಂಕೇತವನ್ನೂ ಕೇಳುವ ವ್ಯವಸ್ಥೆ ಇದು. ಅದರ ಜೊತೆ ಕೊಡುವ ತುರ್ತು ಸಂಕೇತಗಳನ್ನು ಕಾಗದದಲ್ಲಿ ಬರೆದಿಡಿ. ಡಿಜಿಟಲ್ ರೂಪದಲ್ಲಿ ಕೊಂಡ ಪ್ರತಿ ಗೇಮೂ ಈ ಖಾತೆಯಲ್ಲೇ ಇರುತ್ತದೆ. ಖಾತೆ ಕಳೆದುಕೊಂಡವರಿಗೆ ಯಂತ್ರವೊಂದೇ ಉಳಿಯುತ್ತದೆ.

5. ಅಪ್‌ಡೇಟ್ ಮತ್ತು ಡೌನ್‌ಲೋಡ್

ಮೊದಲು ಕನ್ಸೋಲಿನ ಅಪ್‌ಡೇಟ್, ಆಮೇಲೆ ಕಂಟ್ರೋಲರಿನದು, ಕೊನೆಗೆ ಗೇಮಿನದು. ಅಪ್‌ಡೇಟ್ ನಡೆಯುವಾಗ ಪ್ಲಗ್ ಕೀಳಬೇಡಿ.

ಡೌನ್‌ಲೋಡ್ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡರೆ ಬೇಸರವಾಗುವುದಿಲ್ಲ. ಇಂದಿನ ದೊಡ್ಡ ಗೇಮ್‌ಗಳು 100 ಜಿಬಿ ಮುಟ್ಟುವುದು ಅಪರೂಪವಲ್ಲ. ಸೆಕೆಂಡಿಗೆ 50 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅಷ್ಟು ಇಳಿಯಲು ಸುಮಾರು ನಾಲ್ಕೂವರೆ ಗಂಟೆ ಬೇಕು. ಡಿಸ್ಕ್ ಕೊಂಡಿದ್ದರೂ ತಿದ್ದುಪಡಿಗಳ ಡೌನ್‌ಲೋಡ್ ತಪ್ಪಿದ್ದಲ್ಲ. ಆದ್ದರಿಂದ ಹಿಂದಿನ ರಾತ್ರಿಯೇ ಹಚ್ಚಿ ಮಲಗಿ. ಮೂರೂ ಕಂಪನಿಗಳ ಯಂತ್ರಗಳು ಅರೆನಿದ್ರೆಯಲ್ಲೂ ಡೌನ್‌ಲೋಡ್ ಮುಂದುವರಿಸಬಲ್ಲವು. ರೂಟರಿನಿಂದ ನೇರವಾಗಿ ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಾದರೆ ಎಳೆಯಿರಿ. ವೈಫೈ ಆದರೆ 5 ಗಿಗಾಹರ್ಟ್ಜ್ ಜಾಲವನ್ನು ಆರಿಸಿ. ಗೋಡೆಗಳಾಚೆ ದುರ್ಬಲವಾಗುತ್ತದಾದರೂ ಅದೇ ಕೋಣೆಯಲ್ಲಿ ಹೆಚ್ಚು ವೇಗ ಕೊಡುತ್ತದೆ.

ಪ್ಲೇಸ್ಟೇಷನ್ 5ರಲ್ಲಿ ಬಹಳ ಜನ ಎಡವುವ ಕಡೆ ಇನ್ನೊಂದಿದೆ. ಕೆಲವು ಗೇಮ್‌ಗಳಿಗೆ ಪ್ಲೇಸ್ಟೇಷನ್ 4 ಮತ್ತು 5 ಎರಡರ ಆವೃತ್ತಿಗಳೂ ನಿಮ್ಮ ಖಾತೆಯಲ್ಲಿರುತ್ತವೆ. ತಿಳಿಯದೆ ಹಳೆಯದನ್ನು ಇಳಿಸಿಕೊಂಡು, ಹೊಸ ಯಂತ್ರದಲ್ಲಿ ವ್ಯತ್ಯಾಸವೇ ಇಲ್ಲ ಎಂದು ಕೊರಗುತ್ತಾರೆ. ಗೇಮಿನ ಚಿತ್ರದ ಪಕ್ಕದಲ್ಲಿರುವ ಮೂರು ಚುಕ್ಕೆಗಳ ಗುಂಡಿ ಒತ್ತಿ, ಯಾವ ಆವೃತ್ತಿ ಎಂದು ನೋಡಿ. ಎಕ್ಸ್‌ಬಾಕ್ಸ್‌ನಲ್ಲಿ, ಈ ಸೌಲಭ್ಯವಿರುವ ಗೇಮ್‌ಗಳಿಗೆ, ಸರಿಯಾದ ಆವೃತ್ತಿಯನ್ನು ಯಂತ್ರವೇ ಆರಿಸುತ್ತದೆ.

6. ಟಿವಿಯನ್ನು ಹದಕ್ಕೆ ತರುವುದು

ಇಡೀ ಲೇಖನದಲ್ಲಿ ಒಂದನ್ನೇ ಮಾಡುವಷ್ಟು ಸಮಯವಿದ್ದರೆ ಇದನ್ನು ಮಾಡಿ. ಸರಿಯಾಗಿ ಹೊಂದಿಸದ ಟಿವಿಯ ಮುಂದೆ ಅತ್ಯುತ್ತಮ ಕನ್ಸೋಲೂ ಮಂಕಾಗಿ, ಮಂದವಾಗಿ ಕಾಣುತ್ತದೆ.

ಮೊದಲನೆಯದು ಗೇಮ್ ಮೋಡ್. ಟಿವಿಗಳು ತಮಗೆ ಬಂದ ಚಿತ್ರವನ್ನು ಹಾಗೆಯೇ ತೋರಿಸುವುದಿಲ್ಲ. ಅಂಚು ಚೂಪಾಗಿಸುತ್ತವೆ, ಕಲೆ ಅಳಿಸುತ್ತವೆ, ಎರಡು ಚೌಕಟ್ಟುಗಳ, ಅಂದರೆ ಒಂದಾದ ಮೇಲೊಂದು ಬರುವ ಬಿಡಿ ಚಿತ್ರಗಳ ನಡುವೆ ತಾವೇ ಹೊಸದೊಂದನ್ನು ಸೃಷ್ಟಿಸಿ ಚಲನೆಯನ್ನು ನಯಗೊಳಿಸುತ್ತವೆ. ಇದಕ್ಕೆಲ್ಲ ಸ್ವಲ್ಪ ಸಮಯ ಹಿಡಿಯುತ್ತದೆ. ಸಿನಿಮಾ ನೋಡುವವರಿಗೆ ಈ ವಿಳಂಬ ಗೊತ್ತಾಗುವುದಿಲ್ಲ, ಏಕೆಂದರೆ ಅವರು ಗುಂಡಿ ಒತ್ತುತ್ತಿಲ್ಲ. ಆಡುವವರಿಗೆ ಮಾತ್ರ ಒತ್ತಿದ ಕ್ಷಣಕ್ಕೂ ಪರದೆಯಲ್ಲಿ ಕಂಡ ಕ್ಷಣಕ್ಕೂ ನಡುವೆ ಅಂತರ ಬೀಳುತ್ತದೆ. ಇದನ್ನೇ ಇನ್‌ಪುಟ್ ಲ್ಯಾಗ್ ಎನ್ನುತ್ತಾರೆ. ಸೆಕೆಂಡಿಗೆ 60 ಚೌಕಟ್ಟು ತೋರಿಸುವ ಗೇಮಿನಲ್ಲಿ ಒಂದು ಚೌಕಟ್ಟು ಇರುವುದು ಸುಮಾರು 17 ಮಿಲಿಸೆಕೆಂಡ್. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೆ ನೀವು ಆರು ಚೌಕಟ್ಟು ಹಿಂದೆ ಇದ್ದೀರಿ ಎಂದರ್ಥ. ಗೇಮ್ ಮೋಡ್ ಆನ್ ಮಾಡಿದರೆ ಈ ಸಂಸ್ಕರಣೆಯ ಬಹುಭಾಗ ನಿಲ್ಲುತ್ತದೆ. ಕನ್ಸೋಲ್ ಆನ್ ಆದ ಕೂಡಲೇ ತಾನಾಗಿಯೇ ಗೇಮ್ ಮೋಡಿಗೆ ಹೋಗುವ ಟಿವಿಗಳಿವೆ. ಹೋಗಿದೆಯೇ ಎಂದು ಒಮ್ಮೆ ನಿಮ್ಮ ಕಣ್ಣಾರೆ ನೋಡಿಕೊಳ್ಳಿ.

ಎರಡನೆಯದು ಕಿಂಡಿಯ ಬೀಗ ತೆಗೆಯುವುದು. ಸರಿಯಾದ ಕಿಂಡಿಗೆ ಸಿಕ್ಕಿಸಿದ್ದರೂ ಟಿವಿಯ ಮೆನುವಿನಲ್ಲಿ ಅದರ ಪೂರ್ಣ ಸಾಮರ್ಥ್ಯಕ್ಕೆ ಅನುಮತಿ ಕೊಡಬೇಕಾಗಬಹುದು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಎಂಬ ಹೆಸರುಗಳಡಿ ಇದು ಸಿಗುತ್ತದೆ. ಬೇರೆ ಕಂಪನಿಗಳ ಟಿವಿಗಳಲ್ಲಿ ಎಚ್‌ಡಿಎಂಐ ಸೆಟ್ಟಿಂಗ್ ವಿಭಾಗದಲ್ಲಿ ಹುಡುಕಿ.

ಈಗ ಕನ್ಸೋಲಿಗೇ ಕೇಳಿ. ಪ್ಲೇಸ್ಟೇಷನ್ 5ರಲ್ಲಿ ಸ್ಕ್ರೀನ್ ಅಂಡ್ ವಿಡಿಯೊ ವಿಭಾಗದಲ್ಲಿ ವಿಡಿಯೊ ಔಟ್‌ಪುಟ್ ಮಾಹಿತಿ ಇದೆ. ಎಕ್ಸ್‌ಬಾಕ್ಸ್‌ನಲ್ಲಿ ಟಿವಿ ಮತ್ತು ಡಿಸ್‌ಪ್ಲೇ ವಿಭಾಗದೊಳಗೆ 4ಕೆ ಟಿವಿಯ ವಿವರ ಎಂಬ ಪುಟವಿದೆ. ನಿಮ್ಮ ಟಿವಿಗೆ ಏನೇನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಸಾಲುಸಾಲಾಗಿ ಅದು ಹೇಳುತ್ತದೆ. ಟಿವಿಯ ಪೆಟ್ಟಿಗೆಯ ಮೇಲಿನ ಜಾಹೀರಾತಿಗಿಂತ ಈ ಪುಟ ಹೆಚ್ಚು ನಂಬಲರ್ಹ.

ಮೂರನೆಯದು ಎಚ್‌ಡಿಆರ್. ಬೆಳಕು ಹಾಗೂ ನೆರಳುಗಳ ನಡುವಿನ ವ್ಯಾಪ್ತಿಯನ್ನು ಹಿಗ್ಗಿಸಿ ತೋರಿಸುವ ವಿಧಾನವಿದು. ಇದನ್ನು ಹೊಂದಿಸುವ ಪರದೆಯನ್ನು ಕನ್ಸೋಲ್ ಮೊದಲ ದಿನವೇ ತೋರಿಸುತ್ತದೆ. ಬಹುತೇಕರು ಆಗಿನ್ನೂ ಗೇಮ್ ಮೋಡ್ ಆನ್ ಮಾಡಿರುವುದಿಲ್ಲ. ಆಮೇಲೆ ಮೋಡ್ ಬದಲಾದಾಗ ಟಿವಿಯ ಬೆಳಕಿನ ಪ್ರಮಾಣವೂ ಬದಲಾಗಿ, ಮೊದಲು ಹೊಂದಿಸಿದ್ದು ವ್ಯರ್ಥವಾಗುತ್ತದೆ. ಗೇಮ್ ಮೋಡ್ ಹಾಕಿದ ಮೇಲೆ ಎಚ್‌ಡಿಆರ್ ಹೊಂದಾಣಿಕೆಯನ್ನು ಮತ್ತೊಮ್ಮೆ ಮಾಡಿ. ಅಷ್ಟಾದರೂ ಚಿತ್ರ ಬೂದುಬೂದಾಗಿ ಕಂಡರೆ ನಿಮ್ಮ ಟಿವಿಗೆ ಬೇಕಾದಷ್ಟು ಬೆಳಕು ಇಲ್ಲ ಎಂದು ತಿಳಿದು ಎಚ್‌ಡಿಆರ್ ಆಫ್ ಮಾಡಿ. ಅಗ್ಗದ ಟಿವಿಗಳಲ್ಲಿ ಅದಿಲ್ಲದೆಯೇ ಚಿತ್ರ ಚೆನ್ನಾಗಿರುತ್ತದೆ.

120 ಹರ್ಟ್ಜ್, ವಿಆರ್‌ಆರ್ ಎಂಬ ಪದಗಳು ಕಂಗೆಡಿಸುತ್ತವೆ. ಮೊದಲನೆಯದು ಪರದೆ ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವ ಸಾಮರ್ಥ್ಯ. ಎರಡನೆಯದು ಗೇಮಿನ ವೇಗ ಹೆಚ್ಚುಕಡಿಮೆಯಾದಂತೆ ಪರದೆಯೂ ತನ್ನ ವೇಗವನ್ನು ಹೊಂದಿಸಿಕೊಂಡು ಚಿತ್ರ ಸೀಳಿದಂತೆ ಕಾಣದ ಹಾಗೆ ನೋಡಿಕೊಳ್ಳುವುದು. ಎರಡೂ ಇದ್ದರೆ ಸಂತೋಷ. ಇಲ್ಲವೆಂದು ಹೊಸ ಟಿವಿ ಹುಡುಕಲು ಹೊರಡಬೇಡಿ. ಬಹುಪಾಲು ಗೇಮ್‌ಗಳು 30 ಅಥವಾ 60 ಚೌಕಟ್ಟಿನಲ್ಲೇ ಓಡುತ್ತವೆ.

ಧ್ವನಿಯ ವಿಷಯದಲ್ಲೂ ನಿರಾಸೆ ಕಾದಿರುತ್ತದೆ. ನಿಮ್ಮ ಬ್ಲೂಟೂತ್ ಹೆಡ್‌ಫೋನ್ ಪ್ಲೇಸ್ಟೇಷನ್ 5ಕ್ಕಾಗಲಿ ಎಕ್ಸ್‌ಬಾಕ್ಸ್‌ಗಾಗಲಿ ನೇರವಾಗಿ ಸೇರುವುದಿಲ್ಲ. ಕಂಟ್ರೋಲರಿನ ಕಿಂಡಿಗೆ ತಂತಿಯ ಹೆಡ್‌ಫೋನ್ ಸಿಕ್ಕಿಸಿ, ಇಲ್ಲವೇ ಆಯಾ ಕನ್ಸೋಲಿಗೆಂದೇ ಮಾಡಿದ್ದನ್ನು ಕೊಳ್ಳಿ. ಸ್ವಿಚ್ 2021ರ ಅಪ್‌ಡೇಟ್‌ನಿಂದ ಬ್ಲೂಟೂತ್ ಧ್ವನಿಯನ್ನು ಒಪ್ಪುತ್ತದೆ.

7. ಮೊದಲ ಗೇಮ್

ಗೇಮಿನ ಸೆಟ್ಟಿಂಗಿನಲ್ಲಿ ಎರಡು ಆಯ್ಕೆಗಳು ಎದುರಾಗುವುದುಂಟು: ಚಿತ್ರದ ಸ್ಪಷ್ಟತೆಗೆ ಆದ್ಯತೆ ಕೊಡುವುದು ಒಂದು, ಚಲನೆಯ ನಯಕ್ಕೆ ಆದ್ಯತೆ ಕೊಡುವುದು ಇನ್ನೊಂದು. ಸಾಮಾನ್ಯವಾಗಿ ಮೊದಲನೆಯದರಲ್ಲಿ 30 ಚೌಕಟ್ಟು, ಎರಡನೆಯದರಲ್ಲಿ 60. ಎರಡನೆಯದನ್ನು ಆರಿಸಿ ಎಂದೇ ನನ್ನ ಸಲಹೆ. ಎಲೆಯೊಂದರ ನರ ಸ್ವಲ್ಪ ಮಸುಕಾದರೆ ಆಟದ ನಡುವೆ ಯಾರ ಗಮನಕ್ಕೂ ಬರುವುದಿಲ್ಲ. ಕೈಗೂ ಪರದೆಗೂ ಇರುವ ಹೊಂದಾಣಿಕೆ ಮಾತ್ರ ಪ್ರತಿ ಕ್ಷಣವೂ ಅನುಭವಕ್ಕೆ ಬರುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಗೇಮ್ ಪ್ರೀಸೆಟ್ ಎಂಬ ಕಡೆ ಇದನ್ನು ಒಮ್ಮೆ ಹೊಂದಿಸಿಟ್ಟರೆ, ಅದನ್ನು ಗಮನಿಸುವ ಗೇಮ್‌ಗಳು ಅದೇ ಆಯ್ಕೆಯಲ್ಲಿ ತೆರೆಯುತ್ತವೆ.

ಪ್ಲೇಸ್ಟೇಷನ್ 5ರಲ್ಲಿ ಆಸ್ಟ್ರೋಸ್ ಪ್ಲೇರೂಮ್ ಎಂಬ ಗೇಮ್ ಮೊದಲೇ ಇರುತ್ತದೆ. ಮಕ್ಕಳಾಟವೆಂದು ಬದಿಗಿಡಬೇಡಿ. ಕಂಟ್ರೋಲರಿನ ಕಂಪನ, ಒತ್ತಿದಂತೆ ಬಿಗಿಯಾಗುವ ಟ್ರಿಗರ್‌ಗಳು, ಸ್ಪರ್ಶಫಲಕ, ಓಲಾಡಿಸಿದರೆ ತಿಳಿಯುವ ಸಂವೇದಕ, ಮೈಕ್, ಎಲ್ಲವನ್ನೂ ಅದು ಬಳಸುತ್ತದೆ. ಒಂದು ಗಂಟೆ ಆಡಿದರೆ ಕಂಟ್ರೋಲರಿನ ಪೂರ್ಣ ಪರೀಕ್ಷೆ ಆಗಿಹೋಗುತ್ತದೆ. ಅಂದಹಾಗೆ, ಆ ಕಂಟ್ರೋಲರಿನೊಳಗೇ ಮೈಕ್ ಇದೆ. ಆನ್‌ಲೈನ್ ಆಟದಲ್ಲಿ ನಿಮ್ಮ ಮನೆಯ ಮಾತು ಅಪರಿಚಿತರಿಗೆ ಕೇಳಬಾರದೆಂದರೆ ನಡುವಿನ ಚಿಕ್ಕ ಗುಂಡಿ ಒತ್ತಿ ಅದನ್ನು ಮುಚ್ಚಿ.

8. ಜಾಗದ ಲೆಕ್ಕ

2020ರ ಪ್ಲೇಸ್ಟೇಷನ್ 5ರಲ್ಲಿ 825 ಜಿಬಿ ಸಂಗ್ರಹವಿದ್ದರೂ ಬಳಕೆಗೆ ಸಿಗುವುದು ಸುಮಾರು 667. ಸೀರೀಸ್ ಎಕ್ಸ್‌ನ 1 ಟಿಬಿಯಲ್ಲಿ ಸುಮಾರು 802, ಸೀರೀಸ್ ಎಸ್‌ನ 512 ಜಿಬಿಯಲ್ಲಿ ಸುಮಾರು 364. ಉಳಿದದ್ದನ್ನು ಕನ್ಸೋಲಿನ ಸ್ವಂತ ತಂತ್ರಾಂಶ ಬಳಸಿಕೊಳ್ಳುತ್ತದೆ. ಇದು ಮೋಸವಲ್ಲ, ಎಲ್ಲ ಯಂತ್ರಗಳಲ್ಲೂ ಹೀಗೆಯೇ.

ಮೊದಲ ವಾರದಲ್ಲೇ ಹೆಚ್ಚುವರಿ ಸಂಗ್ರಹ ಕೊಳ್ಳಬೇಡಿ. ಮುಗಿಸಿದ ಗೇಮ್ ಅಳಿಸಿದರೂ ನೀವು ಆಡಿ ಉಳಿಸಿದ ಹಂತ ಹಾಗೆಯೇ ಇರುತ್ತದೆ. ಕೊಳ್ಳಲೇಬೇಕಾದಾಗ ಸರಿಯಾದದ್ದನ್ನೇ ಕೊಳ್ಳಿ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗೆ ಜೋಡಿಸಿದ ಸಾಮಾನ್ಯ ಯುಎಸ್‌ಬಿ ಡ್ರೈವಿನಲ್ಲಿ ಈ ತಲೆಮಾರಿನ ಗೇಮ್‌ಗಳನ್ನು ಕೂಡಿಡಬಹುದು, ಆದರೆ ಅಲ್ಲಿಂದಲೇ ಆಡಲಾಗದು. ಆಡುವ ಮೊದಲು ಒಳಗಿನ ಸಂಗ್ರಹಕ್ಕೆ ಸಾಗಿಸಬೇಕು. ಪ್ಲೇಸ್ಟೇಷನ್ 5ಕ್ಕೆ ಎಂ.2 ಎಂಬ ಚಪ್ಪಟೆ ಎಸ್‌ಎಸ್‌ಡಿ ಬೇಕು. ಸೆಕೆಂಡಿಗೆ 5,500 ಎಂಬಿ ಓದುವ ವೇಗವಿರುವುದನ್ನು ಸೋನಿ ಶಿಫಾರಸು ಮಾಡುತ್ತದೆ, ಬಿಸಿ ಹೀರುವ ಲೋಹದ ಹೊದಿಕೆಯೂ ಕಡ್ಡಾಯ. ಎಕ್ಸ್‌ಬಾಕ್ಸ್‌ಗೆ ಅದರದೇ ವಿಸ್ತರಣಾ ಕಾರ್ಡ್. ಸ್ವಿಚ್ 2ಕ್ಕೆ ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಬೇಕು. ನೋಡಲು ಒಂದೇ ತರಹ ಇರುವ ಹಳೆಯ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಗೇಮ್ ಇಡಲು ಆಗದು.

9. ಚಂದಾ ಈಗಲೇ ಬೇಕೇ

ಒಬ್ಬರೇ ಆಡುವ ಗೇಮ್‌ಗಳಿಗೆ ಬೇಡ. ಹಣ ಕೊಟ್ಟು ಕೊಂಡ ಗೇಮನ್ನು ಆನ್‌ಲೈನಿನಲ್ಲಿ ಇತರರೊಂದಿಗೆ ಆಡಲು ಮೂರೂ ಕಂಪನಿಗಳು ಸಾಮಾನ್ಯವಾಗಿ ಚಂದಾ ಕೇಳುತ್ತವೆ. ಫೋರ್ಟ್‌ನೈಟ್‌ನಂತಹ ಉಚಿತ ಗೇಮ್‌ಗಳಿಗೆ ಕೇಳುವುದಿಲ್ಲ. ಉಳಿಸಿದ ಆಟದ ನಕಲು ಕಂಪನಿಯ ಸರ್ವರಿನಲ್ಲೂ ಇರಬೇಕೆಂದರೆ ಎಕ್ಸ್‌ಬಾಕ್ಸ್‌ನಲ್ಲಿ ಅದು ಉಚಿತ. ಉಳಿದ ಎರಡರಲ್ಲಿ ಚಂದಾದಾರರಿಗೆ ಮಾತ್ರ. ಸ್ವಯಂಚಾಲಿತ ನವೀಕರಣವನ್ನು ಚಂದಾ ಪಡೆದ ದಿನವೇ ಆಫ್ ಮಾಡಿ. ಅವಧಿ ಮುಗಿಯುವವರೆಗೂ ಸೌಲಭ್ಯ ಇದ್ದೇ ಇರುತ್ತದೆ.

10. ದೋಷ ಯಾವುದು, ಸಹಜ ಯಾವುದು

ಡಿಸ್ಕ್ ಹಾಕಿದಾಗ, ಇನ್‌ಸ್ಟಾಲ್ ಆಗುವಾಗ ಗರಗರ ಸದ್ದು ಸಹಜ. ಭಾರಿ ದೃಶ್ಯಗಳಲ್ಲಿ ಹತ್ತಿರ ಹೋದರೆ ಮಾತ್ರ ಕೇಳುವ ಕೀರಲು ಸದ್ದು ವಿದ್ಯುತ್ ಸುರುಳಿಗಳದ್ದು, ಅದರಿಂದ ಹಾನಿಯಿಲ್ಲ. ಹೊರಬರುವ ಗಾಳಿ ಬಿಸಿಯಾಗಿರುವುದೂ ಸರಿಯೇ. ಆಟದ ನಡುವೆ ತಾನಾಗಿ ಆಫ್ ಆಗುವುದು, ಬೇರೆ ಕೇಬಲ್ ಹಾಗೂ ಬೇರೆ ಕಿಂಡಿ ಬಳಸಿದರೂ ಚಿತ್ರ ಮಿಣುಕುವುದು, ಫ್ಯಾನ್ ಯಾವುದಕ್ಕೋ ತಗುಲುವಂತೆ ಟಕಟಕ ಎನ್ನುವುದು, ಒಳ್ಳೆಯ ಡಿಸ್ಕನ್ನೂ ಉಗುಳುವುದು, ಇವು ದೋಷಗಳು. ಬಿಸಿಯಿಂದ ಬರುವ ತೊಂದರೆ ಚುಟುಕು ಆಟದಲ್ಲಿ ಕಾಣಿಸದು. ಆದ್ದರಿಂದ ಮೊದಲ ವಾರದಲ್ಲಿ ಒಮ್ಮೆಯಾದರೂ ಭಾರಿ ಗೇಮೊಂದನ್ನು ಎರಡು ಮೂರು ಗಂಟೆ ಒಂದೇ ಸಮನೆ ಆಡಿ ನೋಡಿ.

ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ಮೆನುವಿನ ಗುರುತು ತಾನಾಗಿ ಜರುಗಿದರೆ, ಗೇಮಿನಲ್ಲಿ ದೃಷ್ಟಿಕೋನ ತಾನಾಗಿ ತಿರುಗಿದರೆ, ಅದಕ್ಕೆ ಸ್ಟಿಕ್ ಡ್ರಿಫ್ಟ್ ಎನ್ನುತ್ತಾರೆ. ಹಳೆಯ ಕಂಟ್ರೋಲರುಗಳಲ್ಲಿ ಸವೆತದಿಂದ ಬರುವ ತೊಂದರೆ ಇದು. ಹೊಸದರಲ್ಲಿ ಕಂಡರೆ ಸಹಿಸಿಕೊಳ್ಳದೆ ಬದಲಿ ಕೇಳಿ. ದೋಷ ಕಂಡಾಗಲೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಅಂಗಡಿಯಲ್ಲಿ ಅದೇ ದೋಷ ಮತ್ತೆ ಕಾಣಿಸಿಕೊಳ್ಳದಿದ್ದರೆ ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ.

ಇನ್ನೊಂದು ಎಚ್ಚರ. ಪ್ಲೇಸ್ಟೇಷನ್ 5ರ ಮೇಲೆ ಕಿತ್ತಳೆ ದೀಪ ಉರಿಯುತ್ತಿದ್ದರೆ ಯಂತ್ರ ಆಫ್ ಆಗಿಲ್ಲ, ಅರೆನಿದ್ರೆಯಲ್ಲಿದೆ. ಆಗ ಗೋಡೆಯ ಸ್ವಿಚ್ ಆರಿಸಿದರೆ ದತ್ತಾಂಶ ಕೆಡಬಹುದು. ಪದೇ ಪದೇ ವಿದ್ಯುತ್ ಹೋಗುವ ಕಡೆ ಮೆನುವಿನಿಂದ ಪೂರ್ತಿ ಆಫ್ ಮಾಡುವುದನ್ನೇ ರೂಢಿಸಿಕೊಳ್ಳಿ.

11. ವಾಪಸ್ ಕೊಡಬೇಕಾಗಿ ಬಂದರೆ

ಯಂತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ಉಳಿಸಿದ ಆಟಗಳನ್ನು ಸರ್ವರಿಗೆ ಕಳುಹಿಸಿ. ಡಿಸ್ಕ್ ಒಳಗಿದ್ದರೆ ಹೊರತೆಗೆಯಿರಿ. ನೀವು ಸೇರಿಸಿದ ಎಸ್‌ಎಸ್‌ಡಿ ಅಥವಾ ಕಾರ್ಡ್ ಬಿಚ್ಚಿಟ್ಟುಕೊಳ್ಳಿ. ಕೊನೆಗೆ ಸೆಟ್ಟಿಂಗಿನಿಂದ ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಖಾತೆ ಸಹಿತ ಎಲ್ಲವನ್ನೂ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತನ್ನಿ. ಯಂತ್ರ ಆನ್ ಆಗುವುದೇ ಇಲ್ಲವೆಂದಾದರೆ ಕಂಪ್ಯೂಟರಿನಿಂದ ನಿಮ್ಮ ಖಾತೆಗೆ ಪ್ರವೇಶಿಸಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ. ಯಂತ್ರದ ಒಳಭಾಗವನ್ನು ನೀವೇ ಬಿಚ್ಚಲು ಹೋಗಬೇಡಿ. ಎಸ್‌ಎಸ್‌ಡಿ ಸೇರಿಸಲು ಪ್ಲೇಸ್ಟೇಷನ್ 5ರ ಹೊರಹೊದಿಕೆ ತೆಗೆಯಲು ಸೋನಿಯೇ ಅವಕಾಶ ಕೊಟ್ಟಿದೆ, ಅದಕ್ಕಿಂತ ಒಳಗೆ ಕೈ ಹಾಕಿದರೆ ವಾರಂಟಿ ಕೈತಪ್ಪಬಹುದು. ಯಂತ್ರವನ್ನು ಕೊಟ್ಟ ದಿನಾಂಕವಿರುವ ರಸೀದಿಯನ್ನು ಕೇಳಿ ಪಡೆದು, ಬಿಲ್ಲಿನ ಫೋಟೊ ಇರುವ ಕಡೆಯೇ ಅದರದೂ ಒಂದು ಫೋಟೊ ಇಟ್ಟುಕೊಳ್ಳಿ.